ಚೆಂಡು ತಪ್ಪಿದ ಜಾಗಕ್ಕೆ ಒಂದು ಚಿಟಿಕೆ ಸುಣ್ಣ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಚನ್ನಗಿರಿ ಕೋಟೆಯ ಬುಡದ ಮೈದಾನದಲ್ಲಿ ಇಪ್ಪತ್ತೆರಡು ಹುಡುಗರು ಎರಡು ಗುಂಪಾಗಿ ಫುಟ್‌ಬಾಲ್ ಆಡುತ್ತಿದ್ದಾರೆ. ಅವರ ನಡುವೆ, ಆಟಕ್ಕೂ ತಮಗೂ ಸಂಬಂಧವೇ ಇಲ್ಲ ಎನ್ನುವಂತೆ, ನಲವತ್ತಮೂರು ವರ್ಷದ ಒಬ್ಬರು ಹೆಗಲಿಗೆ ರೆಕ್ಸಿನ್ ಚೀಲ ಏರಿಸಿಕೊಂಡು ಸುತ್ತುತ್ತಿದ್ದಾರೆ. ಯಾರದೋ ಕಾಲಿನಿಂದ ಚೆಂಡು ತಪ್ಪಿ ಎದುರು ಗುಂಪಿಗೆ ಸಿಗುತ್ತದೆ. ಆಟ ಅತ್ತ ಸರಿದ ಕೂಡಲೇ ಇವರು ಇತ್ತ ಓಡಿ ಬರುತ್ತಾರೆ, ಚೆಂಡು ತಪ್ಪಿದ ಜಾಗದಲ್ಲಿ ಬಗ್ಗುತ್ತಾರೆ, ಚೀಲದಿಂದ ಒಂದು ಚಿಟಿಕೆ ಸುಣ್ಣದ ಪುಡಿ ತೆಗೆದು ಉದುರಿಸುತ್ತಾರೆ. ಬಾಯಲ್ಲಿ ಸೀಟಿ ಇದೆ, ಊದುವುದು ಕಡಿಮೆ. ಬೈಯುವುದಂತೂ ಇಲ್ಲವೇ ಇಲ್ಲ.

ಕೋಟೆಯ ಸುತ್ತ ವಾಕಿಂಗ್ ಬರುವವರಿಗೆ ಮೊದಮೊದಲು ಇದೇನೆಂದು ತಿಳಿದಿರಲಿಲ್ಲ. ಒಬ್ಬರು ಒಂದು ವಾರ ಸುಮ್ಮನೆ ನೋಡಿ, ಮೈದಾನವನ್ನು ಸೈಟು ಮಾಡಲು ಅಳತೆ ನಡೆದಿದೆ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡರು. ಎಂಟನೇ ದಿನ ಹತ್ತಿರ ಬಂದು, ಮೂಲೆ ಸೈಟು ತಮಗೇ ಇರಲಿ ಎಂದು ಕಿವಿಯಲ್ಲಿ ಹೇಳಿದರು. “ಮೂಲೆ ನೀವೇ ಇಟ್ಕಳ್ರಿ, ಕಾರ್ನರ್ ಕಿಕ್ ಹೊಡೆಯಾಕೆ ಮಾತ್ರ ಜಾಗ ಬಿಡ್ರಿ ಅಂದೆ” ಎಂದು ಸುಣ್ಣದ ಚೀಲದ ಒಡೆಯ ಸಾದಿಕ್ ನಗುತ್ತಾರೆ.

ಸಾದಿಕ್ ಅವರ ಹೊಟ್ಟೆಪಾಡಿನ ಕೆಲಸ ಬೈಕುಗಳ ಸೀಟಿಗೆ ಕವರ್ ಹೊಲಿಯುವುದು. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಒಂದು ಗೂಡಂಗಡಿ, ಎರಡು ಹೊಲಿಗೆ ಯಂತ್ರ. ಒಂದರ ಮೇಲೆ ಇವರು, ಇನ್ನೊಂದರ ಮೇಲೆ ಹೆಂಡತಿ ಮಸರತ್. ದಿನಕ್ಕೆ ಆರು ಸೀಟು ಹೊಲಿದರೆ ಒಳ್ಳೆಯ ದಿನ, ಮೂರಾದರೆ ಸಾಧಾರಣ ದಿನ. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಮಾತ್ರ ಅವರು ಕೋಟೆ ಬಳಗ ಎಂಬ ಫುಟ್‌ಬಾಲ್ ತಂಡದ ಮ್ಯಾನೇಜರ್. ತಂಡ ಆರಿಸುವುದು, ಕಲಿಸುವುದು, ಹರಿದ ಚೆಂಡಿಗೆ ಸೀಟಿನ ದಾರದಿಂದಲೇ ಹೊಲಿಗೆ ಹಾಕುವುದು, ಪಂದ್ಯಕ್ಕೆ ಹೋಗುವಾಗ ಟೆಂಪೋದಲ್ಲಿ ವಾಂತಿ ಮಾಡುವವರನ್ನು ಕಿಟಕಿ ಪಕ್ಕ ಕೂರಿಸುವುದು, ಎಲ್ಲವೂ ಈ ಹುದ್ದೆಯಲ್ಲಿ ಸೇರಿದೆ. ಸಂಬಳ ಸೇರಿಲ್ಲ.

ಈ ಗುರುವಾರದ ಬೆಳಗಿನಲ್ಲಿ ಹುಡುಗರು ಎಂದಿಗಿಂತ ಮೌನವಾಗಿದ್ದಾರೆ, ಏಕೆಂದರೆ ಬರುವ ಭಾನುವಾರ ಬಳಗದ ಹಳೆಯ ಆಟಗಾರರ ಸಭೆ ಇದೆ. ತಂಡ ಕಟ್ಟಲು ಸಾದಿಕ್ ಕೇಳಿದ್ದು ಐದು ವರ್ಷ. ಬಳಗದವರು ಕೊಟ್ಟದ್ದು ಮೂರು. ಮೂರು ವರ್ಷದೊಳಗೆ ತಂಡ ಲೀಗಿನ ಮೊದಲ ನಾಲ್ಕರೊಳಗೆ ಬಂದರೆ ಉಳಿದೆರಡು ವರ್ಷ ತಾನಾಗಿಯೇ ಸಿಗುತ್ತದೆ, ಬರದಿದ್ದರೆ ಸಭೆ ಹೇಳಿದಂತೆ ಎಂಬ ಮಾತಾಗಿತ್ತು. ತಂಡ ಐದನೆಯ ಜಾಗದಲ್ಲಿ ನಿಂತಿದೆ. ಕಟ್ಟುತ್ತಿರುವ ತಂಡವನ್ನು ಸಾದಿಕ್ ಅರ್ಧಕ್ಕೆ ಬಿಟ್ಟು ಹೋಗಬೇಕೋ, ಕಟ್ಟಿ ಮುಗಿಸಬೇಕೋ ಎಂಬುದು ಇನ್ನು ಮೂರು ದಿನದಲ್ಲಿ ಗೊತ್ತಾಗುತ್ತದೆ.

ನಾಲ್ಕು ತಾಲ್ಲೂಕು ಲೀಗ್ ಎಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಎಂಟು ತಂಡಗಳು. ಪ್ರತಿ ತಂಡಕ್ಕೂ ವರ್ಷಕ್ಕೆ ಹದಿನಾಲ್ಕು ಪಂದ್ಯ. ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲ್ ತಿಂದು ಬಿಟ್ಟ ಭಾನುವಾರಗಳಲ್ಲಿ ಈ ಲೀಗು ನಡೆಯುತ್ತದೆ. ನೋಡಲು ಬರುವವರು ಹೆಚ್ಚೆಂದರೆ ಮುನ್ನೂರು ಮಂದಿ. ಆದರೆ ಆ ಮುನ್ನೂರು ಮಂದಿಗೆ ವರ್ಷವಿಡೀ ಮಾತಾಡಲು ಬೇರೆ ವಿಷಯ ಬೇಕಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಕೋಟೆ ಬಳಗ ಕಪ್ ಗೆದ್ದಿತ್ತು. ಆಗ ಮ್ಯಾನೇಜರ್ ಆಗಿದ್ದವರು ಪಂಚಾಕ್ಷರಪ್ಪ, ಪಶು ಆಸ್ಪತ್ರೆಯ ಕಾಂಪೌಂಡರ್. ಅವರಿಗೀಗ ಎಪ್ಪತ್ತಾರು, ಬಳಗದ ಅಧ್ಯಕ್ಷರು. ಕಪ್ಪಿನ ಮಾತು ಬಂದರೆ ಆಸ್ಪತ್ರೆಗೆ ಬಂದ ಎಮ್ಮೆಯನ್ನೂ ಕಾಯಿಸುತ್ತಿದ್ದರು ಎಂದು ಊರಿನವರು ಇಂದಿಗೂ ಹೇಳುತ್ತಾರೆ.

ಆ ಕಪ್ಪು ಬಂದದ್ದು ಅತಿಥಿ ಆಟಗಾರರಿಂದ. ಹೊರ ಊರಿನ ಒಳ್ಳೆಯ ಆಟಗಾರರನ್ನು ಒಂದೊಂದು ಪಂದ್ಯಕ್ಕೆ ಬಾಡಿಗೆಗೆ ಕರೆತಂದು ಆಡಿಸುವುದು ಇಲ್ಲಿನ ಹಳೆಯ ರೂಢಿ. ಮುಂಚೆ ಎಷ್ಟು ಮಂದಿ ಬೇಕಾದರೂ ತರಬಹುದಿತ್ತು, ಈಗ ಪಂದ್ಯಕ್ಕೆ ಇಬ್ಬರು. ಬೆಳಗ್ಗೆ ಬಸ್ಸಿಳಿದು ಬಂದು, ಎರಡು ಗೋಲು ಹೊಡೆದು, ಮಧ್ಯಾಹ್ನ ಹೋಳಿಗೆ ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಟುಬಿಡುವ ಜನ ಅವರು. ಅವರು ಆಡಿದಷ್ಟು ದಿನ ಊರಿನ ಹುಡುಗರು ಗೆರೆಯ ಹೊರಗೆ ಕೂತು ನೀರಿನ ಬಾಟಲಿ ಕಾಯುತ್ತಿದ್ದರು. ಸಾದಿಕ್ ಕೂಡ ಹದಿನೇಳನೆಯ ವಯಸ್ಸಿನಿಂದ ಮೂರು ವರ್ಷ ಬಾಟಲಿ ಕಾದವರೇ. ಆಮೇಲೆ ಹನ್ನೊಂದು ವರ್ಷ ನಡುಭಾಗದಲ್ಲಿ ಆಡಿದರು, ಮೊಣಕಾಲು ಮಾತು ಕೇಳದಾದಾಗ ಬಿಟ್ಟರು.

ಮೂರು ವರ್ಷದ ಹಿಂದೆ ತಂಡ ಎಂಟರಲ್ಲಿ ಎಂಟನೆಯದಾಗಿ, ಅತಿಥಿಗಳೂ ಬರಲು ಒಲ್ಲೆ ಎಂದಾಗ, ಬಳಗದವರು ಸೀಟಿನ ಅಂಗಡಿಗೆ ಬಂದರು. ಸಾದಿಕ್ ಎರಡು ಷರತ್ತು ಹಾಕಿದರು. ಐದು ವರ್ಷ ಒಬ್ಬ ಅತಿಥಿಯನ್ನೂ ಕರೆಸಬಾರದು. ಮೂವತ್ತು ದಾಟಿದವರು ಯಾರೂ ಆಡಬಾರದು. ಎರಡನೆಯ ಷರತ್ತು ಅವರ ಗೆಳೆಯನನ್ನೇ ತಿಂದಿತು. ಉಬ್ರಾಣಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಪರಶುರಾಮ್‌ಗೆ ಆಗ ಮೂವತ್ತೊಂದು, ತಂಡದಲ್ಲಿ ಗೋಲು ಹೊಡೆಯಬಲ್ಲವನು ಅವನೊಬ್ಬನೇ. “ಒಂದು ವರ್ಷ ಇಟ್ಕಂಡಿದ್ರೆ ಇವನ ಗಂಟೇನು ಹೋಗ್ತಿತ್ತು” ಎಂದು ಪರಶುರಾಮ್ ಈಗಲೂ ಕೇಳುತ್ತಾನೆ. ಇಟ್ಟುಕೊಂಡಿದ್ದರೆ ಹುಡುಗರೆಲ್ಲ ಚೆಂಡು ಸಿಕ್ಕ ಕೂಡಲೇ ಪರಶುರಾಮನಿಗೆ ಒದ್ದು ಕೈತೊಳೆದುಕೊಳ್ಳುತ್ತಿದ್ದರು ಎಂಬುದು ಸಾದಿಕ್ ಅವರ ಉತ್ತರ. ಇಬ್ಬರ ಮಾತಲ್ಲೂ ಹುರುಳಿದೆ. ಅದಕ್ಕೇ ಎರಡು ವರ್ಷ ಮಾತು ನಿಂತಿತ್ತು.

ಮೊದಲ ವರ್ಷ ಹದಿನಾಲ್ಕು ಪಂದ್ಯದಲ್ಲಿ ನಲವತ್ತೊಂದು ಗೋಲು ತಿಂದರು. ಮತ್ತೆ ಎಂಟನೆಯ ಜಾಗ. ಸುಣ್ಣದ ಚುಕ್ಕಿ ಶುರುವಾದದ್ದು ಆಗಲೇ. “ಗೋಲು ಎಣಿಸಿದ್ರೆ ಗೋಲ್ ಕೀಪರ್ ಒಬ್ನೇ ತಲೆ ತಗ್ಗಿಸ್ತಾನೆ. ಚೆಂಡು ಎಲ್ಲಿ ಕಳ್ಕಂಡ್ವಿ ಅಂತ ಎಣಿಸಿದ್ರೆ ಹನ್ನೊಂದು ಜನಾನೂ ನೆಲ ನೋಡ್ತಾರೆ” ಎನ್ನುತ್ತಾರೆ ಸಾದಿಕ್. ಅಭ್ಯಾಸ ಮುಗಿದ ಮೇಲೆ ಹುಡುಗರೆಲ್ಲ ಬಿಳಿ ಚುಕ್ಕಿಗಳ ನಡುವೆ ನಡೆಯುತ್ತಾರೆ. ಇದು ಯಾರದು ಎಂದು ಯಾರೂ ಕೇಳುವಂತಿಲ್ಲ. ತನ್ನದು ಎಂದು ಗೊತ್ತಿದ್ದವನು ಅದರ ಮೇಲೆ ಹೋಗಿ ನಿಲ್ಲುತ್ತಾನೆ, ಅಲ್ಲಿ ನಿಂತು ಸುತ್ತ ನೋಡುತ್ತಾನೆ, ಯಾರಿಗೆ ಕೊಡಬಹುದಿತ್ತು ಎಂದು ಕೈ ತೋರಿಸುತ್ತಾನೆ. ಮೊದಲ ತಿಂಗಳು ಅರ್ಧ ಚುಕ್ಕಿಗಳು ಅನಾಥವಾಗಿದ್ದವು. ಈಗ ಒಂದೊಂದು ಚುಕ್ಕಿಗೆ ಇಬ್ಬಿಬ್ಬರು ಜಗಳವಾಡುತ್ತಾರೆ.

ಪಂದ್ಯದ ದಿನ ಮೈದಾನದೊಳಗೆ ಸುಣ್ಣ ಉದುರಿಸಲು ರೆಫರಿ ಬಿಡುವುದಿಲ್ಲ. ಆಗ ಸಾದಿಕ್ ರೆಕ್ಸಿನ್ ತುಂಡಿನ ಹಿಂಬದಿಯ ಬಟ್ಟೆಯ ಮೇಲೆ ಮೈದಾನದ ಚಿತ್ರ ಬರೆದುಕೊಂಡು, ಟೈಲರ್ ಚಾಕಿನಲ್ಲಿ ಚುಕ್ಕಿ ಹಾಕುತ್ತಾರೆ. ಮೂರು ವರ್ಷದ ನಲವತ್ತೆರಡು ಪಂದ್ಯಗಳ ನಲವತ್ತೆರಡು ತುಂಡುಗಳು ಅಂಗಡಿಯ ಅಟ್ಟದ ಮೇಲೆ ಸುರುಳಿಯಾಗಿ ಕೂತಿವೆ. ಮಸರತ್‌ಗೆ ಅವುಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. “ಒಂದ್ಸಾರಿ ಗಿರಾಕಿ ಅವಸರ ಮಾಡ್ದ ಅಂತ ಒಂದು ತುಂಡು ತಗಂಡು ಸೀಟಿನ ಒಳಗೆ ಹಾಕಿ ಹೊಲಿದುಬಿಟ್ಟಿದ್ದೆ. ನ್ಯಾಮತಿ ಪಂದ್ಯ ಅಂತೆ ಅದು. ಆ ಮನುಷ್ಯನ ಊರು ಹುಡುಕಿ, ಸೀಟು ಬಿಚ್ಚಿ, ಹೊಸದು ಹೊಲ್ಕೊಟ್ಟು ತಂದ್ರು. ನಾನು ಅವತ್ತಿಂದ ಅಟ್ಟದ ಕಡೆ ಕೈ ಚಾಚಿಲ್ಲ ಬಿಡ್ರಿ” ಎನ್ನುತ್ತಾರೆ ಅವರು.

ಆ ತುಂಡುಗಳನ್ನು ಸಾಲಾಗಿ ಹಾಸಿದರೆ ಆಟ ಗೊತ್ತಿಲ್ಲದವರಿಗೂ ಒಂದು ಸಂಗತಿ ಕಾಣುತ್ತದೆ. ಮೊದಲ ವರ್ಷ ನೂರು ಚುಕ್ಕಿಯಲ್ಲಿ ಎಪ್ಪತ್ತು ತಮ್ಮದೇ ಗೋಲಿನ ಮುಂದೆ. ಎರಡನೆಯ ವರ್ಷ ನಡುಗೆರೆಯ ಆಚೀಚೆ. ಈ ವರ್ಷ ನೂರರಲ್ಲಿ ಅರವತ್ತು ಎದುರಾಳಿಯ ಅರ್ಧದಲ್ಲಿ. ತಪ್ಪುಗಳು ಕಡಿಮೆಯಾಗಿಲ್ಲ, ಮುಂದಕ್ಕೆ ಸರಿದಿವೆ. ತಿಂದ ಗೋಲು ನಲವತ್ತೊಂದರಿಂದ ಇಪ್ಪತ್ತೇಳಕ್ಕೆ, ಅಲ್ಲಿಂದ ಹದಿನಾರಕ್ಕೆ ಇಳಿದಿದೆ. ಸಾದಿಕ್ ತಂಡದ ಏಳಿಗೆಯನ್ನು ಅಳೆಯುವುದು ಹೀಗೆ. ಲೀಗಿನ ಪಟ್ಟಿ ಅಳೆಯುವುದು ಇನ್ನೊಂದು ಬಗೆ, ಅದರಲ್ಲಿ ಇವರ ತಂಡ ಎಂಟು, ಆರು, ಐದು ಎಂದಷ್ಟೇ ಇದೆ.

ಹಾಗೆಂದು ಸಾದಿಕ್ ತಪ್ಪು ಮಾಡಿಲ್ಲವೆಂದಲ್ಲ. ಎರಡನೆಯ ವರ್ಷ ಜಗಳೂರಿನಲ್ಲಿ ಆದದ್ದನ್ನು ಅವರೇ ಮುಂದಾಗಿ ಹೇಳುತ್ತಾರೆ. ಈ ಲೀಗಿನಲ್ಲಿ ಮೊದಲರ್ಧ ಬಂದವರ ಚೆಂಡಿನಲ್ಲಿ, ಎರಡನೆಯರ್ಧ ಊರಿನವರ ಚೆಂಡಿನಲ್ಲಿ ಆಡುವ ಪದ್ಧತಿ ಇದೆ. ಚನ್ನಗಿರಿಯ ಮೈದಾನಕ್ಕೆ ಪಕ್ಕದ ಗದ್ದೆಗಳ ನೀರು ಬಸಿದು ಬಂದು ನೆಲ ಸದಾ ಹಸಿ. ಆ ನೆಲದಲ್ಲಿ ಚೆಂಡು ಏಳಬೇಕಾದರೆ ಕಲ್ಲಿನಂತೆ ಬಿಗಿಯಾಗಿ ಗಾಳಿ ತುಂಬಬೇಕು. ಹುಟ್ಟಿದಾಗಿನಿಂದ ಹಾಗೇ ತುಂಬಿ ರೂಢಿಯಾದ ಸಾದಿಕ್, ಜಗಳೂರಿಗೂ ಅದೇ ಬಿಗಿಯ ಚೆಂಡು ಒಯ್ದರು. ಅಲ್ಲಿಯದು ಒಣಗಿ ಗಟ್ಟಿಯಾದ ಗರಸು ನೆಲ. ಮೊದಲ ಒದೆತಕ್ಕೇ ಚೆಂಡು ಎಲ್ಲರ ತಲೆಯ ಮೇಲೆ ಹಾರಿತು, ಮತ್ತೆ ಕೆಳಗಿಳಿದದ್ದು ಕಡಿಮೆ. ಮೊದಲರ್ಧದಲ್ಲಿ ತಮ್ಮದೇ ಚೆಂಡಿನಲ್ಲಿ ನಾಲ್ಕು ಗೋಲು ತಿಂದರು, ಎರಡನೆಯರ್ಧದಲ್ಲಿ ಜಗಳೂರಿನವರ ಮೆತ್ತನೆಯ ಚೆಂಡಿನಲ್ಲಿ ಒಂದು.

“ಹುಡುಗ್ರು ಸೋತಿದ್ದಲ್ಲ ಅದು. ಪಂಪು ಹೊಡೆದವನು ನಾನು. ವಾಪಸ್ ಬರೋವಾಗ ಟೆಂಪೋದಾಗೆ ಎಲ್ರಿಗೂ ಹೇಳ್ದೆ, ಐದರಾಗೆ ನಾಲ್ಕು ನನ್ನವು ಅಂತ” ಎನ್ನುತ್ತಾರೆ ಸಾದಿಕ್. ಅಂದಿನಿಂದ ತಿಂಗಳಿಗೊಂದು ದಿನ ತಂಡ ಜಗಳೂರು ಸೀಮೆಯ ಬಿಳಿಚೋಡಿಗೆ ಹೋಗಿ ಬರುತ್ತದೆ. ಅಲ್ಲಿ ಕುರಿ ಸಾಕುವ ಚಿಕ್ಕಹನುಮಂತಪ್ಪ ಎಂಬವರು ತಮ್ಮ ಬೀಳು ಹೊಲ ಬಿಟ್ಟುಕೊಟ್ಟಿದ್ದಾರೆ. ಕಲ್ಲಿನಂಥ ನೆಲದ ಮೇಲೆ ಚೆಂಡು ಹಿಡಿಯಲು ಹೆಣಗುವ ಹುಡುಗರನ್ನು ನೋಡಿ ಅವರು ಹೇಳಿದ್ದು ಬಳಗದಲ್ಲಿ ಈಗ ಜನಜನಿತ. “ನನ್ನ ನೂರಾ ಹತ್ತು ಕುರಿ ಒಂದು ಸೀಟಿಗೆ ನಿಲ್ತಾವೆ. ನಿಮ್ಮದು ಒಂದು ಚೆಂಡು ನಿಲ್ಲಾಕೆ ಇಷ್ಟು ಜನ ಬೇಕೇನ್ರಿ?” ಈ ವರ್ಷ ಜಗಳೂರಿನ ಮೈದಾನದಲ್ಲಿ ಕೋಟೆ ಬಳಗ ಗೆದ್ದಿತು. ಅಂದು ಚಿಕ್ಕಹನುಮಂತಪ್ಪ ಕುರಿ ಬಿಟ್ಟು ಆಟ ನೋಡಲು ಬಂದಿದ್ದರು.

ಎಲ್ಲ ಮುಗಿದು ಕೊನೆಯ ಪಂದ್ಯ ಉಳಿಯಿತು, ಹೊನ್ನಾಳಿಯಲ್ಲಿ. ಸಮ ಮಾಡಿಕೊಂಡರೂ ನಾಲ್ಕನೆಯ ಜಾಗ. ಮೊದಲರ್ಧಕ್ಕೆ ಒಂದು–ಒಂದು. ವಿರಾಮದಲ್ಲಿ ಸಾದಿಕ್ ಹುಡುಗರಿಗೆ ನೀರು ಕೊಡುತ್ತಿದ್ದಾಗ ಪಂಚಾಕ್ಷರಪ್ಪ ಕೋಲೂರಿಕೊಂಡು ಬಂದು, ಮೈದಾನದ ಆಚೆ ನಿಂತಿದ್ದ ಜೀಪು ತೋರಿಸಿದರು. ಅದರಲ್ಲಿ ಇಬ್ಬರು ಬೂಟು ಕಟ್ಟಿಕೊಂಡು ತಯಾರಾಗಿ ಕೂತಿದ್ದರು. ಅತಿಥಿಗಳು. ಅಧ್ಯಕ್ಷರು ಯಾರಿಗೂ ಹೇಳದೆ ಕರೆಸಿದ್ದರು. “ನಲವತ್ತೈದು ನಿಮಿಷ. ಒಂದು ಗೋಲೂ ತಿನ್ನದಂಗೆ ನೋಡ್ಕಂತಾರೆ. ನಿನ್ನ ಎರಡು ವರ್ಷ ಉಳಿತೈತೆ” ಎಂದರು. ಬೇಡವೆನ್ನಲು ಸಾದಿಕ್‌ಗೆ ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷದ ಬಗ್ಗೆ ಅವರಿಗೆ ಈಗಲೂ ನಾಚಿಕೆಯಿದೆ.

“ಯೋಚ್ನೆ ಮಾಡ್ಲಿಲ್ಲ ಅಂತ ಸುಳ್ಳು ಹೇಳಾಕಾಗಲ್ಲ. ಮಾಡಿದೆ. ಯಾರಿಬ್ಬರನ್ನ ಕೂರಿಸ್ಬೇಕು ಅಂತಾನೂ ಮನಸ್ನಾಗೆ ಬಂದ್ಬಿಟ್ತು. ಆಮೇಲೆ ತಿರುಗಿ ನೋಡಿದ್ರೆ ಹುಡುಗ್ರು ಜೀಪ್ ನೋಡ್ತಿದ್ರು. ಹನ್ನೊಂದು ಜನಾನೂ ನೀರು ಕುಡಿಯೋದು ಬಿಟ್ಟು ಜೀಪೇ ನೋಡ್ತಿದ್ರು. ಬ್ಯಾಡ ಅಂದೆ.”

ಎಂಬತ್ತೆರಡನೆಯ ನಿಮಿಷಕ್ಕೆ ನಾಯಕ ಕೊಟ್ರೇಶ್ ನಡುಗೆರೆಯ ಹತ್ತಿರ ಚೆಂಡು ಕಳೆದುಕೊಂಡ. ಹೊನ್ನಾಳಿಯವರು ನಾಲ್ಕೇ ಒದೆತದಲ್ಲಿ ಗೋಲಿನೊಳಗೆ ಇಟ್ಟರು. ಎರಡು–ಒಂದು, ಐದನೆಯ ಜಾಗ. ಕೊಟ್ರೇಶನಿಗೆ ಇಪ್ಪತ್ತು ವರ್ಷ, ಸೂಳೆಕೆರೆ ಏರಿಯ ಕೆಳಗಿನ ಊರಿನವನು, ಅಭ್ಯಾಸಕ್ಕೆ ಬರಲೆಂದೇ ಬಲೆ ಎಳೆಯುವ ಹೊತ್ತನ್ನು ಬೆಳಗಿನಿಂದ ಸಂಜೆಗೆ ಬದಲಿಸಿಕೊಂಡವನು. “ಅವತ್ತು ಸಾರ್ ಹೊಡೀತಾರೆ ಅಂದ್ಕಂಡಿದ್ದೆ. ಹೊಡೆದಿದ್ರೆ ಚಂದಿತ್ತು. ರೆಕ್ಸಿನ್ ತುಂಡು ಮುಂದೆ ಹಿಡಿದು, ಎಲ್ಲಿ ತೋರ್ಸು ಅಂದ್ರು. ನಾನೇ ಚಾಕ್ ಇಸ್ಕಂಡು ಚುಕ್ಕಿ ಇಟ್ಟೆ. ಆಮೇಲೆ ಹೊಟ್ಟೆಗೆ ಏನಾದ್ರೂ ತಿನ್ನು ನಡಿ ಅಂದ್ರು” ಎನ್ನುತ್ತಾನೆ ಅವನು.

ಭಾನುವಾರದ ಬೆಳಗ್ಗೆ ಏಳು ಗಂಟೆ. ಕೋಟೆ ಬಳಗದ ಸಭೆ ನಡೆಯುವುದು ಮೈದಾನದಲ್ಲೇ. ಹಿಂದೊಮ್ಮೆ ಸಭಾಭವನದಲ್ಲಿ ನಡೆಸಿ ಕುರ್ಚಿಗಳು ಮುರಿದವು. ಮೈದಾನದಲ್ಲಿ ಎತ್ತಿ ಎಸೆಯುವಂಥ ಸಾಮಾನು ಇಲ್ಲ. ಬಳಗಕ್ಕಾಗಿ ಆಡಿ ಬಿಟ್ಟವರಿಗೆ ಮಾತ್ರ ಮತ. ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಮ್ಯಾನೇಜರ್ ಉಳಿಯಲಿ ಎನ್ನುವವರು ನಡೆದು ಹೋಗಿ ಗೋಲು ಕಂಬಗಳ ನಡುವೆ ನಿಲ್ಲಬೇಕು, ಬೇಡ ಎನ್ನುವವರು ಅದೇ ಗೋಲಿನ ಎದುರಿನ ಪೆನಾಲ್ಟಿ ಗೆರೆಯ ಮೇಲೆ. ನಡೆದು ಹೋಗಿ ನಿಂತವನು ಆಮೇಲೆ ನಾನಲ್ಲ ಎನ್ನಲು ಬರುವುದಿಲ್ಲ. ಅಷ್ಟು ಹೊತ್ತೂ ಮ್ಯಾನೇಜರ್ ಮೈದಾನದ ಇನ್ನೊಂದು ತುದಿಯ ಗೋಲಿನಲ್ಲಿ, ಸಭೆಗೆ ಬೆನ್ನು ಹಾಕಿ ನಿಂತಿರಬೇಕು. ತೀರ್ಮಾನವನ್ನು ಅಧ್ಯಕ್ಷರೇ ನಡೆದು ಹೋಗಿ ತಿಳಿಸಬೇಕು. ಪಂಚಾಕ್ಷರಪ್ಪನವರೂ ತಮ್ಮ ಕಾಲದಲ್ಲಿ ನಾಲ್ಕು ಸಲ ಹೀಗೆ ಬೆನ್ನು ಹಾಕಿ ನಿಂತವರು.

ಹತ್ತೊಂಬತ್ತು ಮಂದಿ ಬಂದಿದ್ದಾರೆ. ಸಾದಿಕ್ ದೂರದ ಗೋಲಿನಲ್ಲಿ ಕೋಟೆಯ ಕಡೆ ಮುಖ ಮಾಡಿ ನಿಂತಿದ್ದಾರೆ. ಕೊಟ್ರೇಶ್ ಮತ್ತು ಹುಡುಗರು ಗೆರೆಯ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಅಟ್ಟದ ಮೇಲಿನ ನಲವತ್ತೆರಡು ತುಂಡುಗಳನ್ನು ಅವರು ಹೊತ್ತು ತಂದು ಹುಲ್ಲಿನ ಮೇಲೆ ಹಾಸಿದ್ದಾರೆ. ಹಳೆಯ ಆಟಗಾರರು ಬಗ್ಗಿ ನೋಡುತ್ತಾರೆ, ಬೆರಳಿಟ್ಟು ಎಣಿಸುತ್ತಾರೆ. ಅವರಲ್ಲೊಬ್ಬರು ಚುಕ್ಕಿಯಲ್ಲಿ ಚಹಾ ಕುಡಿಯಲಾದೀತೇ, ಅದಕ್ಕೂ ಕಪ್ಪೇ ಬೇಕಲ್ಲ ಎಂದು ಕೇಳುತ್ತಾರೆ. ನಗು ಏಳುತ್ತದೆ. ಮಾತು ಕೊಟ್ಟದ್ದು ನಾಲ್ಕನೆಯ ಜಾಗ, ಬಂದದ್ದು ಐದು, ಇದರಲ್ಲಿ ಚರ್ಚೆ ಏನಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ತಪ್ಪು ಹುಡುಕಲಾಗದ ಮಾತು. ತಲೆಗಳು ಆಡುತ್ತವೆ.

ಆಗ ಪರಶುರಾಮ್ ಎದ್ದು ನಿಲ್ಲುತ್ತಾನೆ. ಅವನು ಸಾದಿಕ್ ವಿರುದ್ಧ ಮಾತಾಡುತ್ತಾನೆಂದು ಎಲ್ಲರಿಗೂ ಗೊತ್ತು. “ನನ್ನ ಬಿಟ್ಟಿದ್ದು ತಪ್ಪು. ಅದನ್ನ ಸಾಯೋ ತನಕ ಹೇಳ್ತೀನಿ” ಎಂದು ಶುರು ಮಾಡುತ್ತಾನೆ. “ಆದ್ರೆ ಕಪ್ ಗೆದ್ದ ಫೋಟೋ ಎಲ್ಲರ ಮನೇಲೂ ಐತಲ್ರಿ. ಅದರಾಗೆ ಏಳು ಜನ ಅತಿಥಿಗಳು ಅದಾರೆ. ಒಬ್ಬರ ಹೆಸರು ಹೇಳ್ರಿ ನೋಡಾನ.” ಒಬ್ಬರು ಒಂದು ಹೆಸರು ಎತ್ತಿ, ಅಲ್ಲ ಅವನು ಬೇರೆ ವರ್ಷದವನು ಎಂದು ತಾವೇ ಕೈಬಿಡುತ್ತಾರೆ. ಪರಶುರಾಮ್ ಗೆರೆಯ ಹೊರಗಿನ ಹುಡುಗರತ್ತ ಕೈ ತೋರಿಸುತ್ತಾನೆ. “ಇವರು ಸೋತ್ರೂ, ಯಾರ ಮಗ ಸೋತ ಅಂತ ನಮಗೆ ಗೊತ್ತೈತೆ. ಬೈಯಾಕಾದ್ರೂ ನಮ್ಮವರು ಬೇಕಲ್ರಿ.” ಅಷ್ಟು ಹೇಳಿ ಅವನು ನೇರ ನಡೆದು ಗೋಲು ಕಂಬಗಳ ನಡುವೆ ಹೋಗಿ ನಿಲ್ಲುತ್ತಾನೆ.

ಉಳಿದವರು ಒಬ್ಬೊಬ್ಬರಾಗಿ ಏಳುತ್ತಾರೆ. ಕೆಲವರು ಗೋಲಿನ ಕಡೆ, ಕೆಲವರು ಗೆರೆಯ ಕಡೆ. ಒಬ್ಬರು ಗೆರೆಯವರೆಗೆ ಹೋಗಿ, ತಲೆ ಕೆರೆದುಕೊಂಡು ಗೋಲಿಗೆ ಬರುತ್ತಾರೆ. ಪಂಚಾಕ್ಷರಪ್ಪ ಎಲ್ಲರಿಗಿಂತ ಕೊನೆಗೆ ಏಳುತ್ತಾರೆ, ಕೋಲೂರಿಕೊಂಡು ಹೋಗಿ ಗೆರೆಯ ಮೇಲೆ ನಿಲ್ಲುತ್ತಾರೆ. ಎಣಿಕೆ ನಡೆಯುತ್ತದೆ, ಹುಡುಗರಲ್ಲಿ ಇಬ್ಬರು ಮುಖ ಮುಚ್ಚಿಕೊಂಡಿದ್ದಾರೆ. ಆಮೇಲೆ ಅವರು ಮೈದಾನದ ಆ ತುದಿಗೆ ಹೊರಡುತ್ತಾರೆ. ಮೊಣಕಾಲು ಬಗ್ಗದ ಮನುಷ್ಯ, ನೂರು ಗಜ ನಡೆಯಲು ಆರು ನಿಮಿಷ ತೆಗೆದುಕೊಳ್ಳುತ್ತಾರೆ. ಜೊತೆಗೆ ಯಾರೂ ಹೋಗುವಂತಿಲ್ಲ. ಹುಡುಗರಲ್ಲಿ ಇಬ್ಬರು ಮುಖ ಮುಚ್ಚಿಕೊಂಡಿದ್ದಾರೆ.

“ಕೋಲಿನ ಸದ್ದು ಮೊದ್ಲು ಕೇಳಿಸ್ತು” ಎಂದು ಸಾದಿಕ್ ಆಮೇಲೆ ಹೇಳುತ್ತಾರೆ. “ನಿಂತು ನಿಂತು ಬರ್ತಿದ್ರು. ತಿರುಗಿ ಹೋಗಿ ಕೈ ಹಿಡ್ಕಳಾಣ ಅನ್ನಿಸ್ತು, ತಿರುಗೋ ಹಂಗಿಲ್ಲ. ಅಷ್ಟು ಹೊತ್ನಾಗೆ ನನಗೆ ನಂದು ಮರ್ತೇ ಹೋಗಿತ್ತು, ಇವರು ಎಲ್ಲಿ ಬೀಳ್ತಾರೋ ಅಂತ ಅದೇ ಭಯ.”

ಪಂಚಾಕ್ಷರಪ್ಪ ಹತ್ತಿರ ಬಂದು, ಉಸಿರು ಹತೋಟಿಗೆ ಬರುವವರೆಗೆ ಗೋಲು ಕಂಬ ಹಿಡಿದು ನಿಂತರು. ಹೇಳಿದ್ದು ನಾಲ್ಕೇ ಮಾತು. “ಹನ್ನೊಂದು–ಎಂಟು. ಇರ್ತೀಯ. ಎರಡು ವರ್ಷ. ನಾನು ಎಂಟರಾಗೆ ಇದ್ದೆ.” ಸಾದಿಕ್ ತಲೆಯಾಡಿಸಿದರು. ಮುದುಕರು ಹೊರಡಲಿಲ್ಲ. ತಮಗೇ ಹೇಳಿಕೊಳ್ಳುವವರಂತೆ ಹೇಳಿದರು. “ನಿನ್ನ ಲೆಕ್ಕ ತಪ್ಪಿಲ್ಲ ಸಾದಿಕ್. ಚುಕ್ಕಿ ಎಲ್ಲಾ ನೋಡಿದೆ, ಮುಂದೆ ಹೋಗ್ಯಾವೆ. ನನ್ನ ವಯಸ್ಸು ಕಾಯಂಗಿಲ್ಲ, ಅಷ್ಟೇ. ಹೋದ್ತಿಂಗಳು ಡಾಕ್ಟ್ರು ಎದೆ ಫೋಟೋ ತೆಗೆಸಿ ಮಗನ್ನ ಮಾತ್ರ ಒಳಗೆ ಕರೆದ್ರು. ಇನ್ನೊಂದ್ಸಾರಿ ಕಪ್ ನೋಡ್ಬೇಕು ಅಂತ ಆಸೆ ಇತ್ತು. ಅವತ್ತು ಅತಿಥಿಗಳು ಆಡಿದ್ರೆ ಬರೋ ವರ್ಷನೂ ಕರೆಸಬೋದು, ಅದಕ್ಕೇ ಜೀಪು ತಂದಿದ್ದು.”

ಇಬ್ಬರೂ ಜೊತೆಯಾಗಿ ವಾಪಸ್ ನಡೆದರು. ಸಾದಿಕ್ ತೋಳು ಕೊಟ್ಟರು, ಪಂಚಾಕ್ಷರಪ್ಪ ಹಿಡಿದುಕೊಂಡರು. ಈ ಸಲ ಎಂಟು ನಿಮಿಷ ಹಿಡಿಯಿತು. ಎಣಿಕೆ ಹುಡುಗರಿಗೆ ಗೊತ್ತಿತ್ತು, ಆದರೆ ಇಬ್ಬರ ನಡುವಿನ ಮಾತು ದೂರಕ್ಕೆ ಕೇಳಿಸಿರಲಿಲ್ಲ. ಇಬ್ಬರ ಮುಖದಲ್ಲೂ ಗೆದ್ದವರ ಕಳೆ ಇರಲಿಲ್ಲ.

ಸೋಮವಾರ ಅಂಗಡಿಯಲ್ಲಿ ನಾಲ್ಕು ಸೀಟು ಬಾಕಿ ಇವೆ. ಮಸರತ್ ದಾರ ಪೋಣಿಸಿ ಕೊಡುತ್ತಾರೆ, ಸಾದಿಕ್ ಯಂತ್ರ ತುಳಿಯುತ್ತಾರೆ. ಹುಡುಗರು ಬೆಳಗ್ಗೆ ತಮ್ಮನ್ನು ಎತ್ತಿಕೊಂಡು ಮೈದಾನ ಸುತ್ತಿಸಿದ್ದನ್ನು ಹೇಳಲು ಅವರಿಗೆ ಮುಜುಗರ. ಮುಂದಿನ ವರ್ಷ ತಂಡ ಎಷ್ಟನೆಯ ಜಾಗಕ್ಕೆ ಬರುತ್ತದೆ ಎಂದು ಕೇಳಿದರೆ ಮೂರೋ ನಾಲ್ಕೋ ಎನ್ನುತ್ತಾರೆ. ಕಪ್ಪು ಯಾವಾಗ ಎಂದರೆ ಐದನೆಯ ವರ್ಷ ಎಂದು ಹೇಳುತ್ತಾರೆ. ಹೊಲಿಗೆ ಒಂದು ಬದಿ ಮುಗಿಯುತ್ತದೆ. ರೆಕ್ಸಿನ್ ತಿರುಗಿಸುತ್ತಾ ಅವರು ಮತ್ತೆ ಮಾತು ತೆಗೆಯುತ್ತಾರೆ.

“ಹುಡುಗ್ರಿಗೆ ಕಾಯ್ರಿ ಅಂತ ಹೇಳ್ಬೋದು. ಊರಿಗೂ ಹೇಳ್ಬೋದು. ಆವಯ್ಯಗೆ ಕಾಯ್ರಿ ಅನ್ನಾಕೆ ನನಗೆ ಬಾಯಿ ಬರಲ್ಲ. ನನಗೆ ಎರಡು ವರ್ಷ ಸಿಕ್ತು. ಅವರಿಗೂ ಸಿಗ್ಲಿ. ನಾನು ಕೇಳ್ಕಳ್ಳೋದು ಅಷ್ಟೇ.”